ಕಾಯ ಸೋತ ಮೇಲಿನ ಕಾಯಕ



ಕಾಯಕವೆಂಬ ಪದದ ಒಡಲಿನಲ್ಲಿಯೇ ಕಾಯವಿದೆ. ಕೈಕಾಲು ದಣಿಯದೆ, ಮೈ ಬೆವರದೆ ನಡೆಯುವ ವ್ಯವಹಾರಕ್ಕೆ ಹನ್ನೆರಡನೆಯ ಶತಮಾನದ ಶರಣರು ಈ ಹೆಸರನ್ನು ಸುಲಭವಾಗಿ ಕೊಡುತ್ತಿರಲಿಲ್ಲ. ಮಡಿವಾಳ ಮಾಚಯ್ಯನವರನ್ನು ನೆನೆದರೆ ಬಟ್ಟೆಯ ಗಂಟು, ಅಂಬಿಗರ ಚೌಡಯ್ಯನವರನ್ನು ನೆನೆದರೆ ದೋಣಿಯ ಹುಟ್ಟು, ಮೇದರ ಕೇತಯ್ಯನವರನ್ನು ನೆನೆದರೆ ಬಿದಿರಿನ ಸೀಳು ಕಣ್ಣ ಮುಂದೆ ಬರುತ್ತದೆ. ಇವರಲ್ಲಿ ನುಲಿಯ ಚಂದಯ್ಯನವರ ಪ್ರಸಂಗ ನಮ್ಮ ಭಕ್ತರೆಲ್ಲರಿಗೂ ಪರಿಚಿತ. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣರವರು. ಒಮ್ಮೆ ಹುಲ್ಲು ಕೊಯ್ಯುವಾಗ ಮೈಮೇಲಿದ್ದ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಚಂದಯ್ಯನವರು ಅದಕ್ಕಾಗಿ ಕಾಯಕವನ್ನು ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವರ ಬೆನ್ನು ಹತ್ತಿ ಬರಬೇಕಾಯಿತು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ಶರಣರ ಸಂವಾದವಾಗಿ ವಿಸ್ತಾರಗೊಂಡಿದೆ.

ಕಳೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಾನು ಇದನ್ನೇ ಆಧರಿಸಿ ನಾಲ್ಕು ಮಾತುಗಳನ್ನಾಡಿದ್ದೆ. ಪ್ರಸಾದದ ಪಂಕ್ತಿ ಏಳುವ ಹೊತ್ತಿಗೆ ಹಿರಿಯರೊಬ್ಬರು ಬಳಿಗೆ ಬಂದರು. ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯುವಿನಿಂದ ಅವರ ಬಲಗೈ ಸ್ವಾಧೀನ ತಪ್ಪಿದೆ. “ಸರ, ಚಂದಯ್ಯನವರ ಲಿಂಗ ಜಾರಿತ್ತು, ಖರೆ. ಕೈಯ ಜಾರಿದ್ರ ಏನ್ ಮಾಡ್ತಿದ್ರು?” ಎಂದು ಕೇಳಿದರು. ಪೂಜ್ಯ ಶ್ರೀಗಳು ಹತ್ತಿರದಲ್ಲಿಯೇ ಇದ್ದರು. “ವಿಚಾರ ಮಾಡಿ ಹೇಳ್ರಿ” ಎಂದು ನನ್ನ ಕಡೆ ನೋಡಿ ನಕ್ಕರು.

ಇಂಥ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಕೈ ಸೋತರೇನು, ಮನಸ್ಸಿನಿಂದ ಶಿವನನ್ನು ನೆನೆದರಾಯಿತು ಎಂಬುದು ಅದು. ಆದರೆ ಈ ಉತ್ತರ ಶರಣರದಲ್ಲ. ನೆನಹೊಂದೇ ಸಾಕಾಗಿದ್ದರೆ ಕಲ್ಯಾಣದಲ್ಲಿ ಇಷ್ಟೊಂದು ಕಸುಬುಗಳು ಏಕೆ ಬೇಕಾಗಿದ್ದವು? ವಿಚಾರ ಮಾಡುತ್ತ ಹೋದ ನನಗೆ ನೆನಪಾದವರು ಕಲ್ಯಾಣಕ್ಕೂ ನಮಗೂ ಬಹುದೂರದ ಒಬ್ಬ ವ್ಯಕ್ತಿ, ಅಮೆರಿಕದ ಜಾನ್ ಮ್ಯಾಡನ್. ಕ್ಯಾಲಿಫೋರ್ನಿಯಾದ ಸಾಂತಾ ಮರಿಯಾ ಎಂಬ ಊರಿನಲ್ಲಿ ಕೆಲವು ಕಾಲ ಉದ್ಯೋಗದಲ್ಲಿದ್ದ ನಮ್ಮ ಮಠದ ಭಕ್ತರೊಬ್ಬರು ಹಿಂದೊಮ್ಮೆ ಅವರ ವಿಷಯವನ್ನು ತಿಳಿಸಿ, ಓದಲು ಕೆಲವು ಬರಹಗಳನ್ನೂ ಕೊಟ್ಟಿದ್ದರು. ಮ್ಯಾಡನ್ ಅವರನ್ನು ಶರಣರ ಸಾಲಿನಲ್ಲಿ ಕೂರಿಸುವ ಉದ್ದೇಶ ನನ್ನದಲ್ಲ. ನೇಕಾರ ಹಿರಿಯರು ಕೇಳಿದ ಪ್ರಶ್ನೆಯನ್ನು ಅವರ ಬದುಕು ಇಪ್ಪತ್ತರ ಹರೆಯದಲ್ಲಿಯೇ ಎದುರಿಸಿತ್ತು ಎಂಬಷ್ಟಕ್ಕೆ ಮಾತ್ರ ಈ ಪ್ರಸ್ತಾಪ.

ಮ್ಯಾಡನ್ ಹುಟ್ಟಿದ್ದು 1936ರಲ್ಲಿ. ತಂದೆ ಮೋಟಾರು ದುರಸ್ತಿ ಮಾಡುವ ಮೆಕ್ಯಾನಿಕ್. ಅವರು ಆಡುತ್ತಿದ್ದುದು ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ. ಅದು ನಾವು ಬಲ್ಲ ಕಾಲ್ಚೆಂಡಲ್ಲ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ದಪ್ಪ ಕವಚ ತೊಟ್ಟ ಹನ್ನೊಂದು ಜನರ ಎರಡು ತಂಡಗಳು ಕೆಲವೇ ಕ್ಷಣ ಡಿಕ್ಕಿ ಹೊಡೆದು, ನಿಂತು, ಮತ್ತೆ ಸಾಲುಗಟ್ಟುತ್ತವೆ. ಚೆಂಡನ್ನು ಎಸೆದು ಆಟವನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ, ಹೆಸರೆಲ್ಲ ಅವನದು. ಅವನ ಮುಂದೆ ಗೋಡೆಯಾಗಿ ನಿಂತು ಎದುರಾಳಿಗಳನ್ನು ತಡೆಯುವ ಭಾರೀ ದೇಹದವರ ಸಾಲೊಂದಿದೆ. ಇವರು ಚೆಂಡನ್ನು ಮುಟ್ಟುವುದು ಅಪರೂಪ. ಇವರು ಸರಿಯಾಗಿ ಕೆಲಸ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದರೆ ಮಾತ್ರ ಎಲ್ಲರಿಗೂ ಕಾಣುತ್ತಾರೆ. ಮ್ಯಾಡನ್ ಈ ಸಾಲಿನವರು. ದಾಸೋಹದ ಮನೆಯಲ್ಲಿ ಬಡಿಸುವವರಿಗಿಂತ ಒಲೆಯ ಮುಂದಿರುವವರು ನನಗೆ ಇಲ್ಲಿ ನೆನಪಾಗುತ್ತಾರೆ.

1958ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎಂಬ ವೃತ್ತಿಪರ ತಂಡ ಅವರನ್ನು ಆಯ್ದುಕೊಂಡಿತು. ಆ ವರ್ಷದ ಆಯ್ಕೆಯಲ್ಲಿ ಅವರದು 21ನೆಯ ಸುತ್ತು, 244ನೆಯ ಸ್ಥಾನ. ಕೊನೆಯ ಬಾಗಿಲಿನಿಂದಾದರೂ ಒಳಗೆ ಹೋದರು. ಮೊದಲ ತರಬೇತಿ ಶಿಬಿರದಲ್ಲಿಯೇ ಮೊಣಕಾಲಿಗೆ ತೀವ್ರ ಪೆಟ್ಟಾಯಿತು. ವೃತ್ತಿಪರ ಆಟಗಾರನೆಂದು ಒಂದೇ ಒಂದು ಪಂದ್ಯವನ್ನೂ ಆಡದೆ ಅವರ ಆಟ ಮುಗಿಯಿತು.

ಮುಂದೆ ನಡೆದುದನ್ನು ಮ್ಯಾಡನ್ ಜೀವನದುದ್ದಕ್ಕೂ ಹಲವರಲ್ಲಿ ಹೇಳಿಕೊಂಡಿದ್ದಾರೆ. ಮೊಣಕಾಲಿನ ಚಿಕಿತ್ಸೆಗಾಗಿ ಅವರು ಬೆಳಿಗ್ಗೆ ಬೇಗನೆ ತಂಡದ ಕಟ್ಟಡಕ್ಕೆ ಬರುತ್ತಿದ್ದರು. ಅದೇ ಹೊತ್ತಿನಲ್ಲಿ ಈಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ನಾರ್ಮ್ ವ್ಯಾನ್ ಬ್ರಾಕ್ಲಿನ್ ಪಂದ್ಯಗಳ ಚಿತ್ರಸುರುಳಿಗಳನ್ನು ಹಾಕಿಕೊಂಡು ಕುಳಿತಿರುತ್ತಿದ್ದರು. ತಂಡದ ಹಿರಿಯ ಆಟಗಾರ ಅವರು. ಮ್ಯಾಡನ್ ತಂಡಕ್ಕೆ ಇನ್ನು ಬೇಡವಾದ ಹುಡುಗ. ಆ ಹುಡುಗನನ್ನು ಕೂರಿಸಿಕೊಂಡು ವ್ಯಾನ್ ಬ್ರಾಕ್ಲಿನ್ ಪರದೆಯ ಮೇಲೆ ಏನು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂಬುದನ್ನು ವಿವರಿಸತೊಡಗಿದರು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಕೆಲಹೊತ್ತು ಸುಮ್ಮನೆ ಕುಳಿತೆ. ಸಾಲಿನಲ್ಲಿ ತಲೆ ತಗ್ಗಿಸಿ ನಿಂತ ಆಟಗಾರನಿಗೆ ಕಾಣುವುದು ಎದುರಿನವನ ಭುಜ ಮಾತ್ರ. ಅವನ ಬಲವೆಲ್ಲ ಆ ಒಂದು ಭುಜವನ್ನು ತಡೆಯುವುದರಲ್ಲಿಯೇ ವ್ಯಯವಾಗುತ್ತದೆ. ಮೊಣಕಾಲು ಕುಸಿದು ಹಿಂದಿನ ಕುರ್ಚಿಯಲ್ಲಿ ಕುಳಿತ ಮೇಲೆ ಮ್ಯಾಡನ್ ಅವರಿಗೆ ಇಪ್ಪತ್ತೆರಡು ಜನರೂ ಒಟ್ಟಿಗೆ ಕಂಡರು. ಕ್ರಿಯೆಯ ನಡುವೆ ಇದ್ದಾಗ ಕಾಣದ ಅರಿವು ಕ್ರಿಯೆ ನಿಂತಾಗ ಕಂಡಿತು. ಶರಣರು ಕ್ರಿಯೆ ಮತ್ತು ಅರಿವನ್ನು ಬೇರೆ ಮಾಡಿ ನೋಡಲಿಲ್ಲವೆಂದು ನಾವು ಪಾಠ ಹೇಳುತ್ತೇವೆ. ಆದರೆ ಒಂದು ಇನ್ನೊಂದಾಗಿ ತಿರುಗುವ ಘಳಿಗೆ ಎಂಥದು ಎಂಬುದನ್ನು ತೋರಿಸುವ ನಿದರ್ಶನಗಳು ನಮಗೆ ಕಡಿಮೆ. ಅರಿವಿಗೆ ಗುರುವಿನ ಸ್ಥಾನ ಕೊಟ್ಟ ಪರಂಪರೆ ನಮ್ಮದು. ಆ ಕೋಣೆಯಲ್ಲಿ ಅರಿವು ಬಂದುದು ಒಬ್ಬ ಸಹ ಆಟಗಾರನ ಬಾಯಿಯಿಂದ, ಕೇಳದೆ, ಶುಲ್ಕವಿಲ್ಲದೆ.

ಅರಿವು ಬಂದರೆ ಸಾಲದು, ಅದನ್ನು ನೀಡುವ ಠಾವು ಬೇಕು. ಮ್ಯಾಡನ್ ಅವರಿಗೆ ಆ ಠಾವು ದೊರೆತದ್ದು 1960ರಲ್ಲಿ, ಸಾಂತಾ ಮರಿಯಾದ ಅಲನ್ ಹ್ಯಾನ್‌ಕಾಕ್ ಕಾಲೇಜಿನಲ್ಲಿ, ಸಹಾಯಕ ಕೋಚ್ ಎಂದು. 1962ರಲ್ಲಿ ಅವರೇ ಮುಖ್ಯ ಕೋಚ್ ಆದರು. ಈ ಬಗೆಯ ಸಂಸ್ಥೆಯನ್ನು ಇಂದು ಸಮುದಾಯ ಕಾಲೇಜು ಎನ್ನುತ್ತಾರೆ. ಆಗ ಜೂನಿಯರ್ ಕಾಲೇಜು ಎನ್ನುತ್ತಿದ್ದರು. ನಮ್ಮ ಪದವಿಪೂರ್ವ ಕಾಲೇಜುಗಳನ್ನೂ ಜನ ಹಾಗೆಯೇ ಕರೆಯುವುದರಿಂದ ಗೊಂದಲವಾಗಬಾರದು. ಇದು ಶಾಲೆ ಮುಗಿಸಿದವರು ಕಡಿಮೆ ಖರ್ಚಿನಲ್ಲಿ ತಮ್ಮೂರಿನಲ್ಲಿಯೇ ಎರಡು ವರ್ಷ ಓದುವ ಕಾಲೇಜು. ಅಂಕ ಕಡಿಮೆಯಾದವರು, ದುಡಿಯುತ್ತಲೇ ಓದುವವರು, ದೊಡ್ಡ ವಿಶ್ವವಿದ್ಯಾಲಯ ಬಾಗಿಲು ತೆರೆಯದವರು ಇಲ್ಲಿಗೆ ಬರುತ್ತಾರೆ. ಎರಡು ವರ್ಷದ ಬಳಿಕ ಬಯಸಿದವರು ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿಯನ್ನು ಪೂರೈಸಬಹುದು. ಫುಟ್‌ಬಾಲ್ ಆಡುವ ಹುಡುಗರಿಗೂ ಇದೇ ದಾರಿ. ಕೋಚ್ ಆದವನ ಕೈಯಲ್ಲಿ ಒಬ್ಬ ಹುಡುಗ ಇರುವುದು ಹೆಚ್ಚೆಂದರೆ ಎರಡು ಋತು. ಅಷ್ಟರೊಳಗೆ ಕಲಿಸಿ ಕಳುಹಿಸಬೇಕು; ಹಣ್ಣಾಗುವಾಗ ಮರ ಬೇರೆಯವರ ತೋಟದಲ್ಲಿರುತ್ತದೆ. ಮ್ಯಾಡನ್ ಸ್ವತಃ ಸ್ಯಾನ್ ಮಟೇಯೊ ಎಂಬಲ್ಲಿನ ಇಂಥದೇ ಕಾಲೇಜಿನಿಂದ ಮೇಲೆ ಬಂದವರು. ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿರುವ, ಕ್ಯಾಲ್ ಪಾಲಿ ಎಂದು ಕರೆಯಲ್ಪಡುವ ಸಂಸ್ಥೆಯಲ್ಲಿ ಶಿಕ್ಷಣಶಾಸ್ತ್ರದ ಪದವಿಯನ್ನು 1959ರಲ್ಲಿ, ಸ್ನಾತಕೋತ್ತರ ಪದವಿಯನ್ನು 1961ರಲ್ಲಿ ಪಡೆದರು. ಅಂದರೆ ಸಹಾಯಕ ಕೋಚ್ ಆಗಿದ್ದಾಗ ಅವರು ಕಲಿಸುವವರೂ ಹೌದು, ಕಲಿಯುವವರೂ ಹೌದು.

ಆ ಮೊದಲ ವರ್ಷ ಹಗುರಾದುದಾಗಿರಲಿಲ್ಲ. 1960ರ ಅಕ್ಟೋಬರ್ 29ರಂದು ಕ್ಯಾಲ್ ಪಾಲಿ ತಂಡ ಒಹಾಯೊ ರಾಜ್ಯದಲ್ಲಿ ಪಂದ್ಯ ಮುಗಿಸಿ ಟೊಲಿಡೊ ವಿಮಾನ ನಿಲ್ದಾಣದಿಂದ ಹೊರಟಾಗ, ದಟ್ಟ ಮಂಜಿನಲ್ಲಿ ಮೇಲೇರುತ್ತಿದ್ದಂತೆಯೇ ವಿಮಾನ ಬಿದ್ದಿತು. 48 ಜನರಲ್ಲಿ 22 ಜನ ತೀರಿಕೊಂಡರು. ಅವರಲ್ಲಿ 16 ಮಂದಿ ಆಟಗಾರರು. ಮ್ಯಾಡನ್ ಕೆಲವೇ ಕಾಲದ ಹಿಂದೆ ಆಡಿದ ತಂಡ ಅದು. ಸತ್ತವರಲ್ಲಿ ಅವರು ಬಲ್ಲ ಹುಡುಗರಿದ್ದರು. ಮುಂದೆ 1979ರಿಂದ ಅವರು ವಿಮಾನ ಹತ್ತುವುದನ್ನೇ ಬಿಟ್ಟಾಗ ಜನ ಈ ದುರಂತವೇ ಕಾರಣವೆಂದರು. ಮುಚ್ಚಿದ ಜಾಗದ ಭಯವೇ ಕಾರಣವೆಂದು ಅವರು ಹೇಳುತ್ತಿದ್ದರು. ಅದೇನೇ ಇರಲಿ, ಮೊಣಕಾಲು ಹೋದುದಕ್ಕಾಗಿ ಕೊರಗುವ ಹಕ್ಕು ಅವರಿಗಿತ್ತು. ಆ ಅಕ್ಟೋಬರಿನಲ್ಲಿ ಆ ಹಕ್ಕು ತೀರ ಸಣ್ಣದಾಗಿ ಕಂಡಿರಬೇಕು.

ಅನಂತರದ ಕಥೆ ಪ್ರಸಿದ್ಧವಾದುದು, ಆದ್ದರಿಂದಲೇ ಇಲ್ಲಿ ಚುಟುಕಾಗಿ ಹೇಳುತ್ತೇನೆ. 1963ರ ಋತುವಿನ ಬಳಿಕ ಡಾನ್ ಕೊರಿಯೆಲ್ ಅವರ ಕೈಕೆಳಗೆ ಸ್ಯಾನ್ ಡೀಗೊ ಸ್ಟೇಟ್ ಕಾಲೇಜು. 1967ರಲ್ಲಿ ಓಕ್ಲೆಂಡ್ ರೈಡರ್ಸ್ ಎಂಬ ವೃತ್ತಿಪರ ತಂಡ. 1969ರಲ್ಲಿ, 32ರ ವಯಸ್ಸಿನಲ್ಲಿ, ಅದರ ಮುಖ್ಯ ಕೋಚ್. ಹತ್ತು ಋತುಗಳಲ್ಲಿ 103 ಗೆಲುವು, 32 ಸೋಲು, 7 ಸಮ. 1977ರ ಜನವರಿಯಲ್ಲಿ ಮಿನೆಸೋಟ ವೈಕಿಂಗ್ಸ್ ವಿರುದ್ಧ 32-14ರಿಂದ ಸೂಪರ್ ಬೌಲ್ ವಿಜಯ. 2006ರಲ್ಲಿ ಕೀರ್ತಿಭವನದ ಗೌರವ. 2021ರ ಡಿಸೆಂಬರ್ 28ರಂದು, 85ರ ವಯಸ್ಸಿನಲ್ಲಿ ನಿಧನ.

ಕ್ರೀಡಾ ಬರಹಗಾರರು ಇದನ್ನೆಲ್ಲ ಬರೆಯುವಾಗ ಹ್ಯಾನ್‌ಕಾಕ್ ಕಾಲೇಜಿಗೆ ಅರ್ಧ ವಾಕ್ಯ ಮೀಸಲಿಡುತ್ತಾರೆ. ಅದು ಅವರಿಗೆ ಮೇಲೇರುವ ಏಣಿಯ ಕೆಳಮೆಟ್ಟಿಲು. ಈ ನೋಟವನ್ನು ನಾನು ಒಪ್ಪಲಾರೆ. ಕಾಯಕಗಳಲ್ಲಿ ಮೇಲು ಕೀಳನ್ನು ಶರಣರು ಕಾಣಲಿಲ್ಲವೆಂದು ವೇದಿಕೆಯ ಮೇಲೆ ಹೇಳಿ, ಕೆಳಗಿಳಿದ ಕೂಡಲೇ ಯಾರ ಮಗ ಯಾವ ಹುದ್ದೆಯಲ್ಲಿದ್ದಾನೆ ಎಂದು ವಿಚಾರಿಸುವವರು ನಾವೂ ಹೌದು. ಎಂ.ಎ. ಮುಗಿಸಿದ ಮೇಲೆ ನನಗೆ ದೊರೆಯಬಹುದಾಗಿದ್ದ ಉಪನ್ಯಾಸಕ ಹುದ್ದೆಯೊಂದು ಕಡೆಯ ಗಳಿಗೆಯಲ್ಲಿ ಕೈತಪ್ಪಿತು. ಮಠದ ಗ್ರಂಥಾಲಯದಲ್ಲಿ ಓಲೆಗರಿಗಳ ಪಟ್ಟಿ ಮಾಡುತ್ತ ಕುಳಿತ ನನ್ನನ್ನು ಬಂಧುಗಳು “ಸದ್ಯಕ್ಕೆ ಇಲ್ಲಿದ್ದಾನೆ” ಎಂದೇ ಹಲವು ವರ್ಷ ಪರಿಚಯಿಸಿದರು. ಸದ್ಯಕ್ಕೆ ಎಂಬ ಪದದಲ್ಲಿರುವ ತಾತ್ಸಾರ ನನಗೆ ಗೊತ್ತು. ಮ್ಯಾಡನ್ ಮುಂದೆ ಏನಾಗುವರೆಂಬುದು 1960ರ ಸಾಂತಾ ಮರಿಯಾದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ನೇಕಾರ ಹಿರಿಯರಿಗೆ ಉತ್ತರವಾಗಬೇಕಾದುದು ಸೂಪರ್ ಬೌಲಿನ ಮ್ಯಾಡನ್ ಅಲ್ಲ, ಆ ಮ್ಯಾಡನ್. ಕೈ ಸೋತವರಿಗೆ ಮುಂದೆ ಕಿರೀಟ ಸಿಗುತ್ತದೆ ಎಂದು ಹೇಳುವುದು ಸುಳ್ಳು ಸಮಾಧಾನ. ಕಿರೀಟ ಸಿಗದ ಎಷ್ಟೋ ಕೋಚ್‌ಗಳು ಅಂಥ ಕಾಲೇಜುಗಳಲ್ಲಿಯೇ ಹುಡುಗರಿಗೆ ಕಲಿಸುತ್ತ ಮುದುಕರಾಗಿದ್ದಾರೆ. ಮ್ಯಾಡನ್ ಅಲ್ಲಿಯೇ ಉಳಿಯಲಿಲ್ಲ, ದೊಡ್ಡ ಕರೆ ಬಂದಾಗ ಹೋದರು ಎಂಬುದೂ ನಿಜ. ಅದನ್ನು ಮರೆಮಾಚಿ ಅವರನ್ನು ವಿರಕ್ತರನ್ನಾಗಿ ಚಿತ್ರಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪವನ್ನು ಓದುಗರೇ ಎತ್ತಬಹುದು. ದೇಹಗಳನ್ನು ಮುರಿಯುವ ಆಟವೊಂದನ್ನು ಕಲಿಸುವುದು ಕಾಯಕವೇ? ಕಾಯಕ ಸತ್ಯಶುದ್ಧವಾಗಿರಬೇಕೆಂಬುದು ಶರಣರ ನಿಬಂಧನೆ. ಈ ಪ್ರಶ್ನೆ ಮ್ಯಾಡನ್ ಅವರ ಬದುಕಿನಲ್ಲಿ ಮೈತಾಳಿ ಎದುರು ನಿಂತಿತ್ತು. 1978ರ ಆಗಸ್ಟ್ 12ರಂದು ಓಕ್ಲೆಂಡಿನಲ್ಲಿ, ಗೆಲುವು ಸೋಲು ಲೆಕ್ಕಕ್ಕಿಲ್ಲದ ಅಭ್ಯಾಸ ಪಂದ್ಯದಲ್ಲಿ, ಅವರ ತಂಡದ ಆಟಗಾರನ ಡಿಕ್ಕಿಗೆ ಎದುರು ತಂಡದ ಡ್ಯಾರಿಲ್ ಸ್ಟಿಂಗ್ಲಿ ಎಂಬ ಯುವಕನ ಕುತ್ತಿಗೆಯ ಮೂಳೆ ಮುರಿದು ಕೈಕಾಲುಗಳ ಸ್ವಾಧೀನ ಹೋಯಿತು. ಆ ಡಿಕ್ಕಿ ಅಂದಿನ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಆ ಮಾತು ಇನ್ನಷ್ಟು ಕಳವಳಕಾರಿ. ಮ್ಯಾಡನ್ ಆಸ್ಪತ್ರೆಗೆ ಹೋದರು, ಮತ್ತೆ ಮತ್ತೆ ಹೋದರು. ಎದುರಾಳಿ ತಂಡದ ಹುಡುಗನ ಹಾಸಿಗೆಯ ಬಳಿ ಆ ದಿನಗಳಲ್ಲಿ ಕಂಡವರು ಅವರು. ಆ ಋತು ಮುಗಿದೊಡನೆ, ಹೊಟ್ಟೆಹುಣ್ಣು ಮತ್ತು ದಣಿವಿನ ಕಾರಣ ಕೊಟ್ಟು, 42ರ ವಯಸ್ಸಿನಲ್ಲಿ ಕೋಚ್ ಹುದ್ದೆಯನ್ನು ಬಿಟ್ಟರು. ಮತ್ತೆಂದೂ ಅದಕ್ಕೆ ಮರಳಲಿಲ್ಲ. ಸ್ಟಿಂಗ್ಲಿ 2007ರಲ್ಲಿ, 55ರ ವಯಸ್ಸಿನಲ್ಲಿ ತೀರಿಕೊಂಡರು. ಮ್ಯಾಡನ್ ಅವರ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ 2015ರಲ್ಲಿ ನಿಧನರಾದ ಬಳಿಕ ಅವರ ಮೆದುಳನ್ನು ಪರೀಕ್ಷಿಸಿದ ವೈದ್ಯರು, ತಲೆಗೆ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳಿಂದ ಬರುವ ರೋಗವನ್ನು ಅಲ್ಲಿ ಕಂಡರು. ಆಟದ ಮೇಲಿನ ಈ ಕಲೆಯನ್ನು ಯಾವ ವ್ಯಾಖ್ಯಾನವೂ ತೊಳೆಯಲಾರದು. ಕಲಿಸುವವನ ಕಾಯಕ ಶುದ್ಧವೋ ಅಲ್ಲವೋ ಎಂಬುದಕ್ಕೆ ಆಸ್ಪತ್ರೆಯ ಬಾಗಿಲು ಒಂದು ಒರೆಗಲ್ಲು ಎಂದಷ್ಟೇ ನನಗೆ ತೋರುತ್ತದೆ.

ಕೋಚ್ ಹುದ್ದೆಯನ್ನು ಬಿಟ್ಟ ಮೇಲೆ ಅವರು ಮೂವತ್ತು ವರ್ಷ ದೂರದರ್ಶನದಲ್ಲಿ ಪಂದ್ಯಗಳನ್ನು ವಿವರಿಸಿದರು. ನಿಂತ ಚಿತ್ರದ ಮೇಲೆ ಗೆರೆ, ಸುತ್ತುಗಳನ್ನೆಳೆದು, ಯಾರೂ ನೋಡದ ಸಾಲಿನವರು ಏನು ಮಾಡಿದರು ಎಂಬುದನ್ನು ಕೋಟ್ಯಂತರ ಜನರಿಗೆ ತೋರಿಸಿದರು. 1988ರಲ್ಲಿ ಅವರ ಹೆಸರಿನ ಗಣಕಯಂತ್ರದ ಆಟ ಹೊರಬಂತು. ಅದನ್ನು ರೂಪಿಸುವಾಗ ಕೆಲವೇ ಆಟಗಾರರನ್ನು ತೋರಿಸಿದರೆ ಸಾಕೆಂಬ ಸಲಹೆಯನ್ನು ತಳ್ಳಿಹಾಕಿ, ಪ್ರತಿ ತಂಡದಲ್ಲಿ ಹನ್ನೊಂದೂ ಜನ ಇರಲೇಬೇಕೆಂದು ಪಟ್ಟು ಹಿಡಿದರು. ಫಿಲಡೆಲ್ಫಿಯಾದ ಆ ಕೋಣೆಯೇ ಬೇರೆ ಬೇರೆ ರೂಪದಲ್ಲಿ ಅವರೊಡನೆ ನಡೆದುಬಂತು ಎನ್ನಬೇಕು. ಕೀರ್ತಿಭವನದ ಸಮಾರಂಭದಲ್ಲಿ ಅವರು ನಗೆ ತುಂಬಿ ಒಂದು ಮಾತು ಹೇಳಿದ್ದರು: ರಾತ್ರಿ ದೀಪ ಆರಿದ ಮೇಲೆ ಅಲ್ಲಿರುವ ಕಂಚಿನ ಮೂರ್ತಿಗಳು ಒಂದರೊಡನೊಂದು ಮಾತಾಡಿಕೊಳ್ಳುತ್ತವೆ ಎಂಬುದು ಅವರ ನಂಬಿಕೆಯಂತೆ. ಸ್ಥಾವರವೂ ಅವರ ಕಲ್ಪನೆಯಲ್ಲಿ ಸುಮ್ಮನಿರಲೊಲ್ಲದು!

ಈ ಕಥೆಯನ್ನು ನೇಕಾರ ಹಿರಿಯರಿಗೆ ಸಾವಕಾಶವಾಗಿ ಹೇಳಿದೆ. ಹಾಸಿನಲ್ಲಿ ಎಳೆ ಎಲ್ಲಿ ಸಡಿಲಾಗಿದೆ ಎಂಬುದನ್ನು ಮಗ್ಗದ ಸದ್ದಿನಿಂದಲೇ ಹೇಳಬಲ್ಲ ಕಿವಿ ಅವರದು. ಆ ಕಿವಿಗೆ ಪಾರ್ಶ್ವವಾಯು ಬಡಿದಿಲ್ಲವಲ್ಲ ಎಂದೆ. ಅವರು ಪೂರ್ತಿ ಕೇಳಿ, “ಖರೆ ಐತಿ ಸರ. ಆದ್ರ ಕಲಿಯಾಕ ಬರೋರು ಬೇಕಲ್ಲ?” ಎಂದರು. ಅವರ ಓಣಿಯಲ್ಲಿ ಕೈಮಗ್ಗಗಳು ಒಂದೊಂದಾಗಿ ಎದ್ದುಹೋಗಿವೆ.

ನಾನು ಅಲ್ಲಿಯವರೆಗೆ ವಿಚಾರವನ್ನು ಮ್ಯಾಡನ್ ಅವರ ಛಲದ ಕಡೆಯಿಂದ ನೋಡುತ್ತಿದ್ದೆ. ಈ ಮಾತು ಅದನ್ನು ಹ್ಯಾನ್‌ಕಾಕ್ ಕಾಲೇಜಿನ ಕಡೆಗೆ ತಿರುಗಿಸಿತು. ಒಂದೂ ವೃತ್ತಿಪರ ಪಂದ್ಯ ಆಡದ, ಮೊಣಕಾಲು ಹೋದ ಇಪ್ಪತ್ತನಾಲ್ಕರ ಯುವಕನನ್ನು ಕರೆದು, ಇಗೋ ಹುಡುಗರು, ಕಲಿಸು ಎಂದು ಹೇಳುವ ಒಂದು ಸಂಸ್ಥೆ ಆ ಸಣ್ಣ ಊರಿನಲ್ಲಿ ಇತ್ತು. ಯಾರು ಬೇಕಾದರೂ ಬಂದು ಕಲಿಯಬಹುದಾದ ಬಾಗಿಲು ಅಲ್ಲಿತ್ತು. ಚಂದಯ್ಯನವರ ಕೈ ಜಾರಿದ್ದರೆ ಚಂದಯ್ಯನವರು ಏನು ಮಾಡುತ್ತಿದ್ದರು ಎಂಬುದರ ಜೊತೆಗೆ, ಕಲ್ಯಾಣ ಏನು ಮಾಡುತ್ತಿತ್ತು ಎಂದೂ ಕೇಳಬೇಕಾಗುತ್ತದೆ. ಮಠಗಳ ಮುಂದೆಯೂ ಇರುವ ಪ್ರಶ್ನೆ ಅದೇ. ನಮ್ಮ ಪ್ರಸಾದನಿಲಯದ ಹಿಂಬದಿಯ ಕೊಠಡಿಯಲ್ಲಿ ಒಂದು ಕೈಮಗ್ಗ ಹಾಕಿ, ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಸಂಜೆ ಒಂದು ಗಂಟೆ ಈ ಹಿರಿಯರಿಂದ ಕಲಿಸುವ ವಿಚಾರವನ್ನು ಪೂಜ್ಯರ ಪಾದಕ್ಕೆ ಅರಿಕೆ ಮಾಡಿಕೊಂಡಿದ್ದೇನೆ. ಹಳೆಯ ಮಗ್ಗ ಯಾರಲ್ಲಾದರೂ ಇದ್ದರೆ ಮಠದ ಕಚೇರಿಗೆ ತಿಳಿಸಬೇಕೆಂದು ಭಕ್ತರಲ್ಲಿ ವಿನಂತಿ.

ಒಂದು ವಿವರ ಉಳಿದಿದೆ. ಟೊಲಿಡೊದಲ್ಲಿ ವಿಮಾನ ಬಿದ್ದ ಅದೇ 1960ರ ಡಿಸೆಂಬರ್ 26ರಂದು ಈಗಲ್ಸ್ ತಂಡ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನು 17-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ದಿನ ಚೆಂಡು ಎಸೆದವರು ವ್ಯಾನ್ ಬ್ರಾಕ್ಲಿನ್. ಆ ಗೆಲುವಿನೊಡನೆ ಅವರು ಆಟದಿಂದ ನಿವೃತ್ತರಾದರು. ಮೊಣಕಾಲು ಉಳಿದಿದ್ದರೆ ಅವರ ಮುಂದಿನ ಸಾಲಿನಲ್ಲಿ ಮ್ಯಾಡನ್ ನಿಂತಿರಬಹುದಾಗಿತ್ತು. ಅವರು ದೇಶದ ಇನ್ನೊಂದು ತುದಿಯಲ್ಲಿ, ಸಾಂತಾ ಮರಿಯಾದಲ್ಲಿ, ಸಹಾಯಕ ಕೋಚ್ ಆಗಿ ತಮ್ಮ ಮೊದಲ ಋತುವನ್ನು ಮುಗಿಸಿದ್ದರು.